ಹೈಡ್ರೋಪೋನಿಕ್ಸ್ ಸಾಮಗ್ರಿ ಮಳಿಗೆ (ಪೂರ್ವ ಬೆಂಗಳೂರು)

ಪೋಷಕಾಂಶಗಳನ್ನು ಕರಗಿಸಿದ ನೀರಿನಲ್ಲಿ, ಮಣ್ಣಿನ ನೆರವಿಲ್ಲದೆ ಗಿಡ ಬೆಳೆಸುವ ಪದ್ಧತಿಗೆ ಹೈಡ್ರೋಪೋನಿಕ್ಸ್ ಅಥವಾ ಮಣ್ಣುರಹಿತ ಕೃಷಿ ಎಂದು ಹೆಸರು. ಇದಕ್ಕೆ ಬೇಕಾದ ಪೋಷಕ ಲವಣ, ತೆಂಗಿನ ನಾರಿನ ಪುಡಿ, ಕೊಳವೆ, ಪಂಪು, ಬೀಜ ಮತ್ತು ಮಾಪಕಗಳನ್ನು ಮಾರುವ ಅಂಗಡಿಯೇ ಹೈಡ್ರೋಪೋನಿಕ್ಸ್ ಸಾಮಗ್ರಿ ಮಳಿಗೆ. ಬೆಂಗಳೂರಿನ ದಂಡು ಪ್ರದೇಶ ಹಾಗೂ ಪೂರ್ವಭಾಗದಲ್ಲಿ ಇಂತಹ ಸಣ್ಣ ಮಳಿಗೆಯನ್ನು ಆರಂಭಿಸುವಾಗ ಗಮನಿಸಬೇಕಾದ ಸಂಗತಿಗಳು ಇಲ್ಲಿವೆ.

ಹಿನ್ನೆಲೆ

19ನೆಯ ಶತಮಾನದಲ್ಲಿ ಜರ್ಮನಿಯ ಯೂಲಿಯಸ್ ಸಾಕ್ಸ್ ಮತ್ತು ವಿಲ್ಹೆಲ್ಮ್ ನಾಪ್ ಲವಣಗಳ ದ್ರಾವಣದಲ್ಲಿ ಸಸ್ಯಗಳನ್ನು ಬೆಳೆಸಿ ತೋರಿಸಿದರು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಲಿಯಂ ಗೆರಿಕೆ 1937ರಲ್ಲಿ ‘ಹೈಡ್ರೋಪೋನಿಕ್ಸ್’ ಎಂಬ ಹೆಸರನ್ನು ಬಳಕೆಗೆ ತಂದರು. ಭಾರತದಲ್ಲಿ 1946ರಲ್ಲಿ ಶೋಲ್ಟೋ ಡಗ್ಲಸ್ ಬಂಗಾಳದ ಕಾಲಿಂಪಾಂಗ್‌ನಲ್ಲಿ ಪ್ರಯೋಗ ಆರಂಭಿಸಿದರು. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ತೆಂಗಿನ ನಾರಿನ ಪುಡಿಯನ್ನು ಹುದುಗಿಸಿ ಮಣ್ಣಿಗೆ ಬದಲಾಗಿ ಬಳಸುವ ವಿಧಾನವನ್ನು ರೂಪಿಸಿದೆ.

ನೀರಿನ ಗುಣ

ಈ ವ್ಯಾಪಾರದಲ್ಲಿ ಸರಕಿಗಿಂತ ಮುಖ್ಯವಾದುದು ಗ್ರಾಹಕರ ಮನೆಯ ನೀರು. ಶಿವಾಜಿನಗರ, ಹಲಸೂರು, ಇಂದಿರಾನಗರಗಳಲ್ಲಿ ಕಾವೇರಿ ನೀರಿನ ಬಳಕೆ ಹಳೆಯದು. ಕೆ.ಆರ್. ಪುರ, ಮಹದೇವಪುರ ಭಾಗದ ಅನೇಕ ಬಡಾವಣೆಗಳಾದರೋ ಬಹುಕಾಲ ಕೊಳವೆಬಾವಿ ಮತ್ತು ಟ್ಯಾಂಕರುಗಳನ್ನೇ ನೆಚ್ಚಿಕೊಂಡಿದ್ದವು. 2007ರಲ್ಲಿ ಮಹಾನಗರ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆ ನೀರುಣಿಸುವ ಕಾವೇರಿ ಐದನೇ ಹಂತವು 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಗೊಂಡಿತು.

ಕೊಳವೆಬಾವಿಯ ಗಡಸು ನೀರಿನಲ್ಲಿ ಲವಣಗಳು ಮೊದಲೇ ಕರಗಿರುತ್ತವೆ. ದ್ರಾವಣದ ಸಾಂದ್ರತೆಯನ್ನು ವಿದ್ಯುದ್ವಾಹಕತೆಯಿಂದ (ಇ.ಸಿ.) ಅಳೆಯುತ್ತಾರೆ. ಲೆಟ್ಯೂಸ್ ಸೊಪ್ಪಿಗೆ ಇದು ಸುಮಾರು 1.2ರಿಂದ 1.8 ಇರಬೇಕು. ಬರಿಯ ನೀರೇ 1.0 ತೋರಿಸಿದರೆ, 1.5ರ ಗುರಿಯಲ್ಲಿ ಪೋಷಕಾಂಶಕ್ಕೆ ಉಳಿಯುವುದು 0.5 ಮಾತ್ರ. ಮಾಪಕವು ಸರಿಯಾದ ಅಂಕಿಯನ್ನೇ ತೋರಿಸುತ್ತಿದ್ದರೂ ಗಿಡ ಹಸಿದಿರುತ್ತದೆ. ಯಾವ ಲವಣವೆಂಬುದನ್ನು ಮಾಪಕ ಹೇಳಲಾರದು. ಆದ್ದರಿಂದ ಗ್ರಾಹಕರು ತಂದ ನೀರನ್ನು ಪರೀಕ್ಷಿಸಿ, ಅಗತ್ಯವಿದ್ದರೆ ಮಳೆನೀರನ್ನು ಬೆರೆಸಲು ಸೂಚಿಸುವುದು ಮಳಿಗೆಯ ಮೊದಲ ಕೆಲಸ. ಆಮ್ಲ-ಕ್ಷಾರ ಪ್ರಮಾಣವೂ (ಪಿ.ಎಚ್.) 5.5ರಿಂದ 6.5ರ ನಡುವೆ ಇರಬೇಕು.

ಸರಕು

ಪೋಷಕ ಲವಣಗಳನ್ನು ಸಾಮಾನ್ಯವಾಗಿ ‘ಎ’ ಮತ್ತು ‘ಬಿ’ ಎಂಬ ಎರಡು ಭಾಗಗಳಾಗಿ ಮಾರುತ್ತಾರೆ. ಗಾಢ ದ್ರಾವಣದಲ್ಲಿ ಕ್ಯಾಲ್ಸಿಯಂ ನೈಟ್ರೇಟನ್ನು ಸಲ್ಫೇಟ್ ಅಥವಾ ಫಾಸ್ಫೇಟಿನೊಡನೆ ಬೆರೆಸಿದರೆ ಅವು ಗಷ್ಟಾಗಿ ತಳಕ್ಕಿಳಿದು ಬೇರಿಗೆ ದೊರೆಯದಂತಾಗುತ್ತವೆ. ಗೊಬ್ಬರದಂಗಡಿಗಳಲ್ಲಿ ಸುಲಭವಾಗಿ ಸಿಗುವ 19:19:19 ಗೊಬ್ಬರದಲ್ಲಿ ಕ್ಯಾಲ್ಸಿಯಂ ಇರುವುದಿಲ್ಲ. ಅದೊಂದನ್ನೇ ನಂಬಿ ಬೆಳೆಸುವುದು ಸೂಕ್ತವಲ್ಲ.

ತೆಂಗಿನ ನಾರಿನ ಪುಡಿ ಒತ್ತಿದ ಇಟ್ಟಿಗೆಗಳ ರೂಪದಲ್ಲಿ ಬರುತ್ತದೆ. 5 ಕಿಲೋಗ್ರಾಂ ತೂಕದ ಇಟ್ಟಿಗೆ ನೆನೆದಾಗ ಸುಮಾರು 70 ಲೀಟರಿನಷ್ಟು ಹಿಗ್ಗುತ್ತದೆ. ತೊಳೆಯದ ಪುಡಿಯಲ್ಲಿ ಉಪ್ಪಿನಂಶ ಹೆಚ್ಚಿರುವುದರಿಂದ ಖರೀದಿಸುವ ಮುನ್ನ ಅದರ ಇ.ಸಿ.ಯನ್ನೂ ನೋಡಬೇಕು. ಕೊಳವೆಗಳಲ್ಲಿ ತೆಳುವಾಗಿ ನೀರು ಹರಿಸುವ ವ್ಯವಸ್ಥೆಗೆ ಪಂಪು ನಿರಂತರ ಓಡಬೇಕು. ವಿದ್ಯುತ್ ಹೋದರೆ ಬೇಸಿಗೆಯಲ್ಲಿ ಬೇರುಗಳು ಬೇಗ ಒಣಗುತ್ತವೆ. ಹೊಸಬರಿಗೆ ಪಂಪು ಬೇಡದ, ಮುಚ್ಚಿದ ಡಬ್ಬಿಯ ಕ್ರಾಟ್ಕಿ ವಿಧಾನ ಅನುಕೂಲ. ಸೊಳ್ಳೆ ಬೆಳೆಯದಂತೆ ಡಬ್ಬಿಯ ಮುಚ್ಚಳ ಭದ್ರವಾಗಿರಬೇಕು.

ಪರವಾನಗಿಗಳು

ಮಳಿಗೆಗೆ ನಗರ ಪಾಲಿಕೆಯ ಉದ್ದಿಮೆ ಪರವಾನಗಿ ಮತ್ತು ಕರ್ನಾಟಕ ಅಂಗಡಿ ಹಾಗೂ ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ ಅಡಿಯ ನೋಂದಣಿ ಬೇಕು. ಪೋಷಕ ಲವಣಗಳಲ್ಲಿ ಹೆಚ್ಚಿನವು ಕಾನೂನಿನ ದೃಷ್ಟಿಯಲ್ಲಿ ರಸಗೊಬ್ಬರಗಳೇ ಆಗಿರುವುದರಿಂದ ರಸಗೊಬ್ಬರ (ನಿಯಂತ್ರಣ) ಆದೇಶ, 1985ರಂತೆ ಕೃಷಿ ಇಲಾಖೆಯ ಅಧಿಕಾರಪತ್ರ ಪಡೆಯಬೇಕಾಗುತ್ತದೆ. ಲವಣಗಳನ್ನು ತಾವೇ ಬೆರೆಸಿ ಹೊಸ ಹೆಸರಿನಲ್ಲಿ ಮಾರಲು ಚಿಲ್ಲರೆ ಮಾರಾಟದ ಅಧಿಕಾರಪತ್ರ ಸಾಲದು. ಬೀಜ ಮಾರಾಟಕ್ಕೆ ಬೀಜ (ನಿಯಂತ್ರಣ) ಆದೇಶ, 1983ರ ಪರವಾನಗಿಯೂ, ಕೀಟನಾಶಕಕ್ಕೆ ಕೀಟನಾಶಕ ಕಾಯ್ದೆ, 1968ರ ಪರವಾನಗಿಯೂ ಪ್ರತ್ಯೇಕವಾಗಿ ಬೇಕು.

ಗ್ರಾಹಕರು ಮತ್ತು ಆದಾಯ

ತಾರಸಿ ಅಥವಾ ಬಾಲ್ಕನಿಯಲ್ಲಿ ಸೊಪ್ಪು ಬೆಳೆಯುವ ಮನೆಯವರು, ವಿಜ್ಞಾನ ಪ್ರಯೋಗಕ್ಕಾಗಿ ಕೊಳ್ಳುವ ಶಾಲೆಗಳು ಹಾಗೂ ಹೋಟೆಲುಗಳಿಗೆ ಲೆಟ್ಯೂಸ್, ತುಳಸಿ ಜಾತಿಯ ಬೇಸಿಲ್ ಪೂರೈಸುವ ಸಣ್ಣ ಬೆಳೆಗಾರರು ಇಂತಹ ಮಳಿಗೆಯ ಗ್ರಾಹಕರು. ಕೊಳವೆ, ಪಂಪು, ಮಾಪಕಗಳನ್ನು ಅವರು ಒಮ್ಮೆ ಕೊಳ್ಳುತ್ತಾರೆ. ಲವಣ, ಬೀಜ, ನಾರಿನ ಪುಡಿಗಳಿಗೆ ಮತ್ತೆ ಮತ್ತೆ ಬರುತ್ತಾರೆ. ಮೊದಲ ಬೆಳೆ ಕೈಕೊಟ್ಟವರು ಸಾಮಾನ್ಯವಾಗಿ ಎರಡನೆಯ ಬಾರಿ ಬೀಜ ಬಿತ್ತುವುದಿಲ್ಲ. ಹೀಗಾಗಿ ದುಬಾರಿ ಸಲಕರಣೆಯನ್ನು ಒಮ್ಮೆ ಮಾರಿದ ಲಾಭಕ್ಕಿಂತ, ಗ್ರಾಹಕರ ನೀರಿಗೆ ಹೊಂದುವ ಲವಣ ಮತ್ತು ಸರಿಯಾದ ಅಳತೆಯನ್ನು ತಿಳಿಸಿಕೊಡುವುದರ ಮೇಲೆಯೇ ಸಣ್ಣ ಮಳಿಗೆಯ ಉಳಿವು ನಿಂತಿದೆ.