ವೃಕ್ಷಪೂಜೆ ಮತ್ತು ವೃಕ್ಷರಕ್ಷಣೆ: ಶರಣದೃಷ್ಟಿಯಲ್ಲಿ ಒಂದು ವಿಚಾರ

ಬೆಂಗಳೂರಿನ ದಂಡುಪ್ರದೇಶಕ್ಕೆ ಪೂರ್ವದಲ್ಲಿರುವ ಲಿಂಗರಾಜಪುರ, ಬಾಣಸವಾಡಿ, ಹೆಣ್ಣೂರು ಮೊದಲಾದವು ಈಗ ಮಹಾನಗರದಲ್ಲಿ ಬೆರೆತುಹೋಗಿವೆ. ಇಂತಹ ಭಾಗಗಳಲ್ಲಿ ಹಿಂದಿನ ಹಳ್ಳಿಯ ಗುರುತನ್ನು ಹುಡುಕುವವನ ಕಣ್ಣಿಗೆ ಮೊದಲು ಬೀಳುವುದು ಅರಳಿಕಟ್ಟೆ. ಅರಳಿ ಬೇವುಗಳು ಒಂದನ್ನೊಂದು ಅಪ್ಪಿಕೊಂಡು ನಿಂತಿರುತ್ತವೆ. ಬುಡದಲ್ಲಿ ನಾಗರಕಲ್ಲುಗಳು, ಅರಿಸಿನ ಕುಂಕುಮ. ರಸ್ತೆಯನ್ನು ಅಗಲಿಸುವವರೂ ಕಟ್ಟೆಯ ಬಳಿ ಬಂದಾಗ ಕೊಡಲಿ ಎತ್ತಲು ಹಿಂಜರಿಯುತ್ತಾರೆ.

ಕಟ್ಟೆ ಉಳಿಯಿತು, ಆದರೆ ಗುಂಡುತೋಪು ಉಳಿಯಲಿಲ್ಲ. ಹಳೆಯ ಮೈಸೂರು ಸೀಮೆಯ ಊರುಗಳಿಗೆ ಗುಂಡುತೋಪೆಂಬ ಸಾಮುದಾಯಿಕ ಮರಗಳ ಗುಂಪು ಇರುತ್ತಿದ್ದಿತು. ಮಾವು, ಹಲಸು, ನೇರಳೆ, ಹುಣಿಸೆ, ಹೊಂಗೆ, ಹಿಪ್ಪೆ ಅಲ್ಲಿಯ ಮರಗಳು. ದಾರಿಹೋಕರಿಗೆ ನೆರಳು, ದನಗಳಿಗೆ ವಿಶ್ರಾಂತಿ, ಮಕ್ಕಳಿಗೆ ಆಟ, ಊರಿಗೆ ಹಣ್ಣು, ಇಷ್ಟೂ ಅದರಿಂದ ದೊರೆಯುತ್ತಿದ್ದವು. ಕಂದಾಯದ ದಾಖಲೆಗಳಲ್ಲಿಯೂ ಅದಕ್ಕೆ ಪ್ರತ್ಯೇಕ ಸ್ಥಾನವಿದ್ದಿತು. ನಗರ ಬೆಳೆದಂತೆ ಎಷ್ಟೋ ತೋಪುಗಳು ಕಟ್ಟಡಗಳಾದವು, ಬಸ್ ನಿಲ್ದಾಣಗಳಾದವು, ನಿವೇಶನಗಳಾದವು. ದೇವನಹಳ್ಳಿಯ ಬಳಿಯ ನಲ್ಲೂರಿನ ಹುಣಿಸೆ ತೋಪು ಸುಮಾರು 54 ಎಕರೆಯಷ್ಟು ಉಳಿದು, 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾದದ್ದು ಒಂದು ಅಪವಾದ. ಬೆಂಗಳೂರಿನ ನಿಸರ್ಗದ ಚರಿತ್ರೆಯನ್ನು ಬರೆದ ಹರಿಣಿ ನಾಗೇಂದ್ರ ಅವರಂತಹ ವಿದ್ವಾಂಸರು ಕಟ್ಟೆ ತೋಪುಗಳೆರಡನ್ನೂ ಅಭ್ಯಾಸ ಮಾಡಿದ್ದಾರೆ. ನನಗೆ ತೋರುವಂತೆ ಎರಡರ ಗತಿ ಬೇರೆಯಾದುದಕ್ಕೆ ಮುಖ್ಯ ಕಾರಣ ಒಂದೇ. ಕಟ್ಟೆಯ ಮರಕ್ಕೆ ದೈವದ ಭಯವಿದ್ದಿತು. ತೋಪಿನ ಮರಕ್ಕೆ ಬಹುತೇಕ ಅದಿರಲಿಲ್ಲ.

ಇಲ್ಲಿಯೇ ಶರಣಧರ್ಮದ ಅಭ್ಯಾಸಿಗೆ ಒಂದು ತೊಡಕು ಎದುರಾಗುತ್ತದೆ. ಬಸವಣ್ಣನವರು ಹಾಳುದಿಬ್ಬ, ಕೆರೆ, ಬಾವಿ, ಹಿರಿಯ ಆಲದ ಮರ ಮುಂತಾದೆಡೆ ಮನೆಮಾಡಿಕೊಂಡ ಕ್ಷುದ್ರದೈವಗಳನ್ನು ಒಂದೊಂದಾಗಿ ಎಣಿಸಿ ಅಲ್ಲಗಳೆದಿದ್ದಾರೆ. ಇಷ್ಟಲಿಂಗವನ್ನು ಕರಸ್ಥಲದಲ್ಲಿ ಧರಿಸಿದವನು ಅರಳಿಮರವನ್ನು ಪ್ರದಕ್ಷಿಣೆ ಮಾಡಬೇಕಾಗಿಲ್ಲವೆಂಬುದು ನಿರ್ವಿವಾದ. ಹಾಗಾದರೆ ಮರದಿಂದ ದೈವವನ್ನು ಇಳಿಸಿದ ಮೇಲೆ ಮರಕ್ಕೆ ರಕ್ಷಣೆ ಎಲ್ಲಿಂದ ಬರಬೇಕು? ಮರವನ್ನು ದೇವರೆನ್ನದವನಿಗೆ ಅದು ಬರಿಯ ಸೌದೆಯೇ? ನಮ್ಮ ಸದ್ಭಕ್ತರಲ್ಲಿ ಕೆಲವರು ಕಟ್ಟೆಯ ವಿಚಾರ ನಮ್ಮದಲ್ಲವೆಂದು ಸುಮ್ಮನಿರುವುದನ್ನು ಕಂಡಿದ್ದೇನೆ. ಮತ್ತೆ ಕೆಲವರು ಮರ ಉಳಿಯುವುದಾದರೆ ಒಂದು ನಾಗರಕಲ್ಲನ್ನು ನೆಟ್ಟರೆ ತಪ್ಪೇನೆಂದು ವಾದಿಸುವುದೂ ಉಂಟು. ಎರಡೂ ನಿಲುವುಗಳು ವಚನಗಳನ್ನು ಪೂರ್ತಿಯಾಗಿ ಓದದುದರ ಫಲ.

ಆಲದ ದೈವವನ್ನು ಅಲ್ಲಗಳೆದ ಬಸವಣ್ಣನವರೇ ಇನ್ನೊಂದು ವಚನದಲ್ಲಿ ಮರವನ್ನು ಬೇರೆಯ ಕಣ್ಣಿನಿಂದ ನೋಡಿದ್ದಾರೆ. ಬೇರನ್ನು ಮರದ ಬಾಯಿಯೆಂದೂ, ಅಲ್ಲಿ ಎರೆದ ನೀರು ಮೇಲೆ ಚಿಗುರಾಗಿ ತೋರುವಂತೆ ಜಂಗಮಕ್ಕೆ ನೀಡಿದುದು ಲಿಂಗಕ್ಕೆ ಸಲ್ಲುವುದೆಂದೂ ಅದರ ತಾತ್ಪರ್ಯ. ದಾಸೋಹತತ್ತ್ವದ ಪ್ರಮಾಣವೆಂದೇ ಈ ವಚನವನ್ನು ನಾವು ತರಗತಿಗಳಲ್ಲಿ ಬೋಧಿಸುತ್ತ ಬಂದೆವು. ಉಪಮೇಯವನ್ನು ಹಿಡಿದು ಉಪಮಾನವನ್ನು ಬಿಟ್ಟೆವು. ಮರ ಉಣ್ಣುವ ಜೀವ, ಅದಕ್ಕೆ ಬಾಯಿಯಿದೆ, ಅದಕ್ಕೆ ನೀಡುವವರು ಬೇಕು ಎಂಬ ಅರಿವಿಲ್ಲದೆ ಆ ಹೋಲಿಕೆ ಹುಟ್ಟುತ್ತಿರಲಿಲ್ಲ. ಇಲ್ಲಿ ಮರ ಪೂಜೆಯನ್ನು ಬೇಡುವುದಿಲ್ಲ, ನೀರನ್ನು ಬೇಡುತ್ತದೆ.

ಇನ್ನು ಮರವನ್ನು ಕಡಿಯುವ ಮಾತು. ಶರಣಸಮೂಹದಲ್ಲಿ ಕಟ್ಟಿಗೆ ಕಡಿದು ಬದುಕಿದ ಮಹಾನುಭಾವರೊಬ್ಬರಿದ್ದರು. ನಿಃಕಳಂಕ ಮಲ್ಲಿಕಾರ್ಜುನ ಎಂಬ ಅಂಕಿತದಲ್ಲಿ ವಚನಗಳನ್ನು ರಚಿಸಿದ ಮೋಳಿಗೆಯ ಮಾರಯ್ಯನವರೇ ಅವರು. ಮೋಳಿಗೆಯೆಂದರೆ ಕಟ್ಟಿಗೆಯ ಹೊರೆ. ಕಾಶ್ಮೀರದ ಅರಸುತನವನ್ನು ತೊರೆದು ಪತ್ನಿ ಮಹಾದೇವಿಯೊಡನೆ ಕಲ್ಯಾಣಕ್ಕೆ ಬಂದವರೆಂದು ಪರಂಪರೆ ಹೇಳುತ್ತದೆ. ಕಾಡಿನಿಂದ ಹೊರೆ ತಂದು ಮಾರಿ, ಬಂದುದರಲ್ಲಿ ಜಂಗಮರಿಗೆ ಅಂಬಲಿ ನೀಡಿ ತಾವು ಉಣ್ಣುತ್ತಿದ್ದರು. ಬಸವಣ್ಣನವರು ಮಾರಯ್ಯ ಇಲ್ಲದ ಸಮಯದಲ್ಲಿ ಅವರ ಮನೆಗೆ ಹೋಗಿ ಅಂಬಲಿಯ ಪ್ರಸಾದ ಸ್ವೀಕರಿಸಿ ಹೊನ್ನನ್ನು ಇರಿಸಿ ಬಂದ ಕಥೆ ವಾಚಕರಿಗೆ ಪರಿಚಿತವೇ ಆಗಿದೆ. ಮಾರಯ್ಯನವರು ಆ ಹೊನ್ನನ್ನು ತಾವಿರಿಸಿಕೊಳ್ಳದೆ ಜಂಗಮರಿಗೆ ಹಂಚಿದರು. ಮರುದಿನ ಎಂದಿನಂತೆ ಹೊರೆಗೆ ನಡೆದರು.

ಈ ಕಥೆಯನ್ನು ನಿಃಸ್ಪೃಹತೆಗೆ ನಿದರ್ಶನವಾಗಿ ಹೇಳುವುದು ವಾಡಿಕೆ. ನಾನು ಇದರಲ್ಲಿ ಅಳತೆಯನ್ನೂ ಕಾಣುತ್ತೇನೆ. ಒಬ್ಬ ಮನುಷ್ಯನ ತಲೆ ಹೊರಬಲ್ಲಷ್ಟೇ ಅವನು ಕಾಡಿನಿಂದ ಪಡೆಯುವುದು. ಅದೂ ಆ ದಿನದ ಕಾಯಕಕ್ಕೆ. ಆಯ್ದಕ್ಕಿ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನವರು ಮಿಕ್ಕುದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದುದೂ ಇದೇ ಅಳತೆಯಿಂದ. ಶರಣರು ಮರ ಕಡಿಯುವುದನ್ನು ನಿಷೇಧಿಸಲಿಲ್ಲ. ಅರ್ಥವಿಲ್ಲದ ಭಯವನ್ನು ತೆಗೆದುಹಾಕಿ, ಆ ಸ್ಥಾನದಲ್ಲಿ ಲೆಕ್ಕ ಒಪ್ಪಿಸಬೇಕಾದ ಹೊಣೆಯನ್ನು ಇರಿಸಿದರು. ಇದು ಭಯಕ್ಕಿಂತ ಕಠಿಣವಾದದ್ದು. ಏಕೆಂದರೆ ಇದು ಕಟ್ಟೆಯ ಮರಕ್ಕೂ ತೋಪಿನ ಮರಕ್ಕೂ ಸಮಾನವಾಗಿ ಅನ್ವಯಿಸುತ್ತದೆ.

ಇದು ಪುಸ್ತಕದ ಮಾತಾಯಿತೆಂದು ಆಕ್ಷೇಪಿಸುವವರಿಗೆ ನಮ್ಮ ಕಾಲದಲ್ಲಿಯೇ ಉತ್ತರ ದೊರೆತಿದೆ. ಮಾಗಡಿ ತಾಲ್ಲೂಕಿನ ಹುಲಿಕಲ್ ಗ್ರಾಮದ ತಿಮ್ಮಕ್ಕನವರೂ ಅವರ ಪತಿ ಚಿಕ್ಕಯ್ಯನವರೂ ಕೂಲಿಯಿಂದ ಜೀವಿಸಿದ ದಂಪತಿಗಳು. ಮಕ್ಕಳಿರಲಿಲ್ಲ. ಹುಲಿಕಲ್ಲಿನಿಂದ ಕುದೂರಿನವರೆಗೆ ನಾಲ್ಕು ಕಿಲೋಮೀಟರಿಗೂ ಮಿಕ್ಕ ದಾರಿಯಲ್ಲಿ ಮೊದಲ ವರ್ಷ 10, ಎರಡನೆಯ ವರ್ಷ 15, ಮೂರನೆಯ ವರ್ಷ 20 ಆಲದ ಸಸಿಗಳನ್ನು ನೆಟ್ಟರು. ನೆಡುವುದು ಸುಲಭ. ಬಿಂದಿಗೆಗಳಲ್ಲಿ ನೀರು ಹೊತ್ತು ಅಷ್ಟುದ್ದ ನಡೆದು ಒಂದೊಂದರ ಬುಡಕ್ಕೂ ಎರೆದುದು, ದನಕರುಗಳು ಮೇಯದಂತೆ ಮುಳ್ಳಿನ ಬೇಲಿ ಕಟ್ಟಿದುದು ವರ್ಷಗಟ್ಟಲೆ ನಡೆದ ಕೆಲಸ. ಹೀಗೆ ಬೆಳೆದ ಮರಗಳು 385 ಎಂದು ಲೆಕ್ಕ. 1991ರಲ್ಲಿ ಚಿಕ್ಕಯ್ಯನವರು ತೀರಿಕೊಂಡರು. ಸಾಲುಮರದ ತಿಮ್ಮಕ್ಕನೆಂದು ಹೆಸರಾದ ಆಕೆಗೆ 2019ರಲ್ಲಿ ಪದ್ಮಶ್ರೀ ಬಂದಿತು. 2025ರ ನವೆಂಬರ್ 14ರಂದು ಶತಾಯುಷಿಯಾಗಿ ಆ ತಾಯಿ ಕಾಲವಾದರು. ಶಾಲೆಯ ಮೆಟ್ಟಿಲನ್ನು ಹತ್ತಿದವರಲ್ಲ. ಬೇರಿನ ಬಾಯಿಗೆ ನೀರು ನೀಡಬೇಕೆಂಬುದನ್ನು ನಮ್ಮಂತಹ ಉಪಾಧ್ಯಾಯರಿಂದ ಅವರು ಕಲಿಯಬೇಕಾಗಿರಲಿಲ್ಲ. ನೆರೆಯ ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ ನೆಲೆನಿಂತ ಸಿದ್ಧಲಿಂಗ ಯತಿಗಳ ಹೆಸರಿಗೆ ‘ತೋಂಟದ’ ಎಂಬ ವಿಶೇಷಣ ತೋಟದಲ್ಲಿ ಮಾಡಿದ ತಪಸ್ಸಿನಿಂದ ಬಂದುದು ಈ ಸಂದರ್ಭದಲ್ಲಿ ನೆನಪಾಗುತ್ತದೆ.

ಅದೇ 2019ರಲ್ಲಿ ಬಾಗೇಪಲ್ಲಿ-ಹಲಗೂರು ರಸ್ತೆಯ ಅಗಲೀಕರಣದಿಂದ ಈ ಸಾಲಿಗೂ ಕುತ್ತು ಬಂದಿತ್ತು. ತಿಮ್ಮಕ್ಕನವರೇ ಸರ್ಕಾರಕ್ಕೆ ಮೊರೆಯಿಡಬೇಕಾಯಿತು. ಅವರ ಆಲಗಳ ಬುಡದಲ್ಲಿ ನಾಗರಕಲ್ಲುಗಳಿರಲಿಲ್ಲ. ಅವುಗಳಿಗಾಗಿ ಮಾತನಾಡಿದುದು ನೀರೆರೆದ ಕೈ.

ಬೆಂಗಳೂರಿನ ಮಟ್ಟಿಗೆ ಹೇಳುವುದಾದರೆ, 1809ರಲ್ಲಿ ನೆಲೆಗೊಂಡ ದಂಡಿನ ಸಾಲುಮರಗಳು, 1908ರಲ್ಲಿ ಬಂದ ಕ್ರುಂಬಿಗಲ್ ಅವರು ಋತುವಿನಿಂದ ಋತುವಿಗೆ ಹೂವು ತಪ್ಪದಂತೆ ಯೋಜಿಸಿ ಬೆಳೆಸಿದ ಮರಗಳು, 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರ ನೇತೃತ್ವದಲ್ಲಿ ನೆಟ್ಟ ಸುಮಾರು 15 ಲಕ್ಷ ಸಸಿಗಳು, ಇವುಗಳಿಗೂ ಯಾವ ದೈವದ ಬೆಂಬಲವಿರಲಿಲ್ಲ. ಮಳೆಮರ ದಕ್ಷಿಣ ಅಮೆರಿಕದಿಂದ ಬಂದುದು, ಗುಲ್‌ಮೊಹರ್ ಮಡಗಾಸ್ಕರಿನಿಂದ. ಅವುಗಳ ಸ್ಥಳಪುರಾಣವನ್ನು ಯಾರು ಬರೆದಾರು? 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ವೃಕ್ಷಾಧಿಕಾರಿಯ ಅನುಮತಿಯಿಲ್ಲದೆ ಮರ ಕಡಿಯುವುದನ್ನು ತಡೆದಿದೆ. ಸಾರ್ವಜನಿಕ ಕಾಮಗಾರಿಗೆ 50ಕ್ಕಿಂತ ಹೆಚ್ಚು ಮರಗಳನ್ನು ತೆಗೆಯುವುದಾದರೆ ಜನರ ಆಕ್ಷೇಪಣೆಗಳನ್ನು ಕೇಳಬೇಕೆಂಬ ನಿಯಮವೂ ಅನಂತರ ಸೇರಿತು. ಎಷ್ಟು, ಏಕೆ ಎಂದು ಕೇಳುವುದೇ ಈ ಕಾನೂನಿನ ತಿರುಳು. ಮೋಳಿಗೆಯ ಅಳತೆಯಿಂದ ಇದು ದೂರವಿಲ್ಲ. 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಉಕ್ಕಿನ ಮೇಲುಸೇತುವೆಗಾಗಿ 812 ಮರಗಳನ್ನು ತೆಗೆಯುವ ಯೋಜನೆ ಬಂದಾಗ, ಅಕ್ಟೋಬರ್ 16ರಂದು ನಾಗರಿಕರು ಆ ದಾರಿಯುದ್ದಕ್ಕೂ ಕೈಕೈ ಹಿಡಿದು ನಿಂತರು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಬಸವಣ್ಣನವರ ಹೆಸರಿನ ವೃತ್ತದಿಂದಲೇ ಆ ದಾರಿ ಹೊರಡುವುದು ಕಾಕತಾಳೀಯವಾದರೂ ನನ್ನ ಮನಸ್ಸಿಗೆ ಹಿತವಾಗಿದೆ.

ಕೊಡಲಿಯಿಂದ ಬರುವ ಅಪಾಯವನ್ನು ಜನ ಕಾಣುತ್ತಾರೆ. ಬುಡಕ್ಕೆ ಬರುವುದನ್ನು ಕಾಣುವುದಿಲ್ಲ. 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೆಹಲಿಯ ಮರಗಳ ಸುತ್ತ ಒಂದು ಮೀಟರಿನೊಳಗಿನ ಕಾಂಕ್ರೀಟನ್ನು ತೆಗೆಯಬೇಕೆಂದು ಆದೇಶಿಸಿತು. ನಮ್ಮ ಬೀದಿಯಲ್ಲಿ ಒಂದು ಹೊಂಗೆಯ ಮರವಿದೆ. ಕಾಲುದಾರಿಯನ್ನು ಕಟ್ಟಿದವರು ಕಾಂಡಕ್ಕೆ ತಾಗುವಂತೆ ಕಾಂಕ್ರೀಟು ಸುರಿದು ಹೋಗಿದ್ದಾರೆ. ಎದುರು ಮನೆಯ ತಾಯಿಯೊಬ್ಬರು ಅಕ್ಕಿ ತೊಳೆದ ನೀರನ್ನು ದಿನವೂ ಅದಕ್ಕೆ ತಂದು ಸುರಿಯುತ್ತಾರೆ. ನೀರು ಒಳಗಿಳಿಯದೆ ಚರಂಡಿಗೆ ಹರಿದುಹೋಗುತ್ತದೆ. ಕಳೆದ ತಿಂಗಳು ನಾವು ಮೂವರು ಹಿರಿಯರು ಉಳಿ ಸುತ್ತಿಗೆ ಹಿಡಿದು ಕುಳಿತು ಮೂರು ದಿನಗಳಲ್ಲಿ ಒಂದು ಗೇಣಗಲದ ಸುತ್ತನ್ನು ಬಿಡಿಸಿದೆವು. ಇನ್ನೂ ಅಷ್ಟೇ ಬಿಡಿಸುವುದಿದೆ.