ಜೋಸೆಫ್ ಹೆನ್ರಿಯ ವಿದ್ಯುದಯಸ್ಕಾಂತ

ತಂತಿಯಲ್ಲಿ ವಿದ್ಯುತ್ಪ್ರವಾಹವು ಹರಿಯುತ್ತಿರುವಾಗ ಸಮೀಪದ ಕಾಂತಸೂಜಿಯು ತಿರುಗುವುದೆಂಬ ಸಂಗತಿಯನ್ನು ಡೆನ್ಮಾರ್ಕಿನ ಅರ್ಸ್ಟೆಡ್ ಪಂಡಿತನು 1820ರಲ್ಲಿ ಲೋಕಕ್ಕೆ ತಿಳಿಸಿದನು. ಐದು ವರ್ಷಗಳ ತರುವಾಯ ಇಂಗ್ಲೆಂಡಿನ ವಿಲಿಯಂ ಸ್ಟರ್ಜನ್ ಎಂಬಾತನು ಲಾಳಾಕಾರದ ಕಬ್ಬಿಣಕ್ಕೆ ವಾರ್ನಿಷು ಬಳಿದು, ಅದರ ಮೇಲೆ ಬರಿಯ ತಾಮ್ರದ ತಂತಿಯನ್ನು ಸುತ್ತಿ, ಏಳು ಔನ್ಸು ತೂಕದ ಆ ಕಬ್ಬಿಣದಿಂದ ಒಂಬತ್ತು ಪೌಂಡು ಭಾರವನ್ನೆತ್ತಿಸಿದನು. ಆದರೆ ಬರಿಯ ತಂತಿಯ ಸುತ್ತುಗಳು ಒಂದನ್ನೊಂದು ಮುಟ್ಟಬಾರದಷ್ಟೆ; ಆದುದರಿಂದ ಕೆಲವೇ ಸುತ್ತುಗಳಿಗೆ ಅವಕಾಶವಿದ್ದಿತು. ಅದೇ 1825ರಲ್ಲಿ ಬಾರ್ಲೊ ಎಂಬ ಇಂಗ್ಲಿಷ್ ವಿದ್ವಾಂಸನು, ಇನ್ನೂರು ಅಡಿ ತಂತಿಯಲ್ಲಿಯೇ ಪ್ರವಾಹದ ಬಲವು ಬಹಳ ಕುಂದುವುದನ್ನು ಕಂಡು, ವಿದ್ಯುತ್ತಿನಿಂದ ದೂರಕ್ಕೆ ಸುದ್ದಿ ಕಳುಹಿಸುವ ಆಸೆಯನ್ನೇ ಬಿಡಬೇಕೆಂದು ತೀರ್ಮಾನಿಸಿದನು.

ಈ ಎರಡು ತೊಡಕುಗಳನ್ನೂ ಬಿಡಿಸಿದವನು ಅಮೆರಿಕದ ಆಲ್ಬನಿ ಪಟ್ಟಣದ ಅಕಾಡೆಮಿಯಲ್ಲಿ ಗಣಿತ ಕಲಿಸುತ್ತಿದ್ದ ಜೋಸೆಫ್ ಹೆನ್ರಿ. ಈತನು ಕಬ್ಬಿಣಕ್ಕೆ ಬದಲಾಗಿ ತಂತಿಗೇ ರೇಷ್ಮೆಯ ಹೊದಿಕೆಯನ್ನು ಹಾಕಿದನು. ಇದರಿಂದ ಸುತ್ತಿನ ಮೇಲೆ ಸುತ್ತು ಒತ್ತಾಗಿ ಹಾಕುವುದು ಸಾಧ್ಯವಾಯಿತು. ಆದರೂ ತಂತಿಯು ಉದ್ದವಾದಷ್ಟೂ ಅದರ ತಡೆ ಹೆಚ್ಚುವುದು. ಒಂದೇ ಸಣ್ಣ ಕೋಶವು ಅದನ್ನು ಮೀರಿ ಸಾಕಷ್ಟು ಪ್ರವಾಹವನ್ನು ನೂಕಲಾರದು. ಆದುದರಿಂದ ಹೆನ್ರಿಯು ಇಪ್ಪತ್ತೊಂದು ಪೌಂಡು ತೂಕದ ಲಾಳಕ್ಕೆ ಅರುವತ್ತು ಅಡಿಯ ಒಂಬತ್ತು ತಂತಿಗಳನ್ನು ಸುತ್ತಿ, ಒಂದೊಂದರ ತುದಿಗಳನ್ನೂ ಪ್ರತ್ಯೇಕವಾಗಿ ಕೋಶಕ್ಕೆ ಸೇರಿಸಿದನು. ಒಂದೇ ತಂತಿಯಿಂದ ಏಳು ಪೌಂಡು, ಎರಡರಿಂದ 145 ಪೌಂಡು, ಒಂಬತ್ತರಿಂದ 650 ಪೌಂಡು ಎದ್ದಿತು! ಕೋಶವಾದರೋ ಅರ್ಧ ಪೈಂಟು ಆಮ್ಲಜಲವನ್ನು ಬೇಡುವಷ್ಟು ಚಿಕ್ಕದು. 1831ರಲ್ಲಿ ಈ ವಿವರಗಳು ಅಚ್ಚಾದುವು. ಅದೇ ವರ್ಷ ಯೇಲ್ ಕಾಲೇಜಿಗಾಗಿ ಆತನು ಮಾಡಿಕೊಟ್ಟ ಅಯಸ್ಕಾಂತವು ಎರಡು ಸಾವಿರ ಪೌಂಡುಗಳನ್ನು ಮೀರಿ ಎತ್ತಿತು.

ದೂರದ ಕೆಲಸಕ್ಕೆ ಮಾತ್ರ ಕ್ರಮವು ಬೇರೆ. ಅಲ್ಲಿ ಉದ್ದನೆಯ ತಂತಿಯ ತಡೆಯನ್ನು ತಪ್ಪಿಸುವಂತಿಲ್ಲ. ಆದುದರಿಂದ ಅನೇಕ ಕೋಶಗಳನ್ನು ಸಾಲಾಗಿ ಜೋಡಿಸಿ ಒತ್ತಡವನ್ನು ಹೆಚ್ಚಿಸಬೇಕು. ಅಯಸ್ಕಾಂತಕ್ಕೂ ಒಂದೇ ತಂತಿಯನ್ನು ಬಹಳ ಸುತ್ತುಗಳಾಗಿ ಸುತ್ತಬೇಕು. ಹೀಗೆ ಮಾಡಿ ಹೆನ್ರಿಯು ಒಂದು ಮೈಲಿಗೂ ಮಿಕ್ಕ ತಂತಿಯ ಕೊನೆಯಲ್ಲಿ ಗಂಟೆಯನ್ನು ಬಾರಿಸಿ ತೋರಿಸಿದನು. ಬಾರ್ಲೊನ ನಿರಾಶೆಗೆ ಇದೇ ಉತ್ತರವಾಯಿತು.

ಜರ್ಮನಿಯ ಓಮ್ ಪಂಡಿತನು 1827ರಲ್ಲಿ ಪ್ರಕಟಿಸಿದ್ದ ನಿಯಮದಿಂದ ಇವೆಲ್ಲವನ್ನೂ ಲೆಕ್ಕ ಹಾಕಿ ತಿಳಿಯಬಹುದಾಗಿದ್ದಿತು. ಹೆನ್ರಿಗೆ ಅದರ ಪರಿಚಯವಿರಲಿಲ್ಲ. ತಂತಿಗಳನ್ನು ಬದಲಿಸಿ ಬದಲಿಸಿ, ಪ್ರತಿ ಸಲವೂ ತೂಕವನ್ನು ಅಳೆದು, ಸುರುಳಿಯು ಕೋಶಕ್ಕೆ ಹೊಂದಬೇಕೆಂಬ ತತ್ತ್ವವನ್ನು ಆತನು ಕಂಡುಕೊಂಡನು. ಇಂದಿಗೂ ಬ್ಯಾಟರಿಯಿಂದ ವಿದ್ಯುದಯಸ್ಕಾಂತವನ್ನು ನಡೆಯಿಸುವವರು ಇದನ್ನು ಮರೆಯುವಂತಿಲ್ಲ. ಎತ್ತಿದ ಭಾರವನ್ನು ಹಿಡಿದು ನಿಲ್ಲಿಸುವುದಕ್ಕೆ ತತ್ತ್ವತಃ ಶಕ್ತಿವ್ಯಯವೇ ಇಲ್ಲ. ಆಗ ವ್ಯಯವಾಗುವುದೆಲ್ಲವೂ ತಂತಿಯಲ್ಲಿಯೂ ಕೋಶದಲ್ಲಿಯೂ ಬಿಸಿಯಾಗಿ ಹೋಗುವುದು.

ಹೆನ್ರಿಯು ಇದಕ್ಕೆ ಹಕ್ಕುಪತ್ರವನ್ನು ಪಡೆಯಲಿಲ್ಲ. 1844ರಲ್ಲಿ ಮೋರ್ಸನ ತಂತಿಯು ವಾಷಿಂಗ್ಟನ್ನಿನಿಂದ ಬಾಲ್ಟಿಮೋರಿಗೆ ಸುದ್ದಿಯನ್ನೊಯ್ದಾಗ ಕೀರ್ತಿಯು ಮೋರ್ಸನಿಗೆ ಸಂದಿತು. 1893ರಲ್ಲಿ, ಹೆನ್ರಿಯು ಕಾಲವಾಗಿ ಹದಿನೈದು ವರ್ಷಗಳಾದ ಮೇಲೆ, ವಿದ್ಯುತ್ಪ್ರೇರಣೆಯ ಅಳತೆಗೆ ಶಾಸ್ತ್ರಜ್ಞರು ಆತನ ಹೆಸರನ್ನಿಟ್ಟರು.