ಮೋರಿಯಡಿಯ ಹಕ್ಕು

ರಸ್ತೆಗೆ ಹಳ್ಳ ಅಡ್ಡ ಬಂದರೆ ಒಂದು ಮೋರಿ ಇಡುತ್ತಾರೆ. ನೀರು ಹರಿದುಹೋದರೆ ಕೆಲಸ ಮುಗಿಯಿತೆಂಬುದು ಹಳೆಯ ಲೆಕ್ಕ. ಈ ಲೆಕ್ಕ ಸಾಲದೆಂಬುದನ್ನು ಅಮೆರಿಕದ ವಾಯವ್ಯ ಭಾಗದ ವಾಷಿಂಗ್ಟನ್ ರಾಜ್ಯದ ಇತಿಹಾಸ ತೋರಿಸಿಕೊಟ್ಟಿದೆ.

ಅಲ್ಲಿನ ಸಾಲ್ಮನ್ ಮೀನು ಹೊಳೆಯಲ್ಲಿ ಹುಟ್ಟಿ, ಕಡಲಿನಲ್ಲಿ ಬೆಳೆದು, ಮೊಟ್ಟೆಯಿಡಲು ಮತ್ತೆ ಹೊಳೆಗೇ ಮರಳುತ್ತದೆ. 1854-55ರ ಒಪ್ಪಂದಗಳಲ್ಲಿ ಮೂಲನಿವಾಸಿಗಳು ಅಪಾರ ಭೂಮಿಯನ್ನು ಬಿಟ್ಟುಕೊಟ್ಟರೂ ವಾಡಿಕೆಯ ತಾಣಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಉಳಿಸಿಕೊಂಡರು. ಹಿಡಿಯಬಹುದಾದ ಮೀನಿನಲ್ಲಿ ಅರ್ಧ ಪಾಲು ಅವರದೆಂದು 1974ರಲ್ಲಿ ನ್ಯಾಯಾಧೀಶ ಜಾರ್ಜ್ ಬೋಲ್ಟ್ ತೀರ್ಪಿತ್ತರು.

ಆದರೆ ಮೀನೇ ಬಾರದಿದ್ದರೆ ಪಾಲೆಲ್ಲಿಯದು? ಹೆದ್ದಾರಿಯಡಿಯ ಅನೇಕ ಮೋರಿಗಳು ಕಿರಿದಾಗಿದ್ದು, ಒಳಗೆ ನೀರಿನ ಸೆಳೆತ ಹೆಚ್ಚಾಗಿತ್ತು. ಕೆಲವುಗಳ ಬಾಯಿ ಹಳ್ಳದ ಮಟ್ಟಕ್ಕಿಂತ ಎತ್ತರದಲ್ಲಿತ್ತು. ಮೀನು ಹತ್ತಲಾರದೆ ಅಲ್ಲಿಯೇ ನಿಲ್ಲುತ್ತಿತ್ತು.

1999ರಲ್ಲಿ ಪ್ಯೂಜೆಟ್ ಸೌಂಡ್ ಪ್ರದೇಶದ ಚಿನೂಕ್ ಸಾಲ್ಮನ್ ಸಂರಕ್ಷಿತ ಜೀವಿಗಳ ಪಟ್ಟಿಗೆ ಸೇರಿತು. ಮೀನಿಗೆ ಹಾನಿಯಾಗದಂತೆ ಒಪ್ಪಿತ ಪದ್ಧತಿಯಲ್ಲಿ ನಡೆಸುವ ರಸ್ತೆ ನಿರ್ವಹಣೆಗೆ 2000ದ ಕೇಂದ್ರ ನಿಯಮವು ವಿನಾಯಿತಿ ನೀಡಿತು. ಹೀಗೆ ರಸ್ತೆ ದುರಸ್ತಿಗೂ ಪರಿಸರದ ಅಳತೆಗೋಲು ಬಂದಿತು.

ಮೋರಿಗಳ ವಿಷಯವಾಗಿ 2001ರಲ್ಲಿ 21 ಬುಡಕಟ್ಟುಗಳು ನ್ಯಾಯಾಲಯದ ಮೊರೆ ಹೊಕ್ಕವು. 2007ರಲ್ಲಿ ತೀರ್ಪು ಅವುಗಳ ಪರವಾಯಿತು. ಮೋರಿಗಳನ್ನು ಸರಿಪಡಿಸಬೇಕೆಂಬ ಆಜ್ಞೆ 2013ರಲ್ಲಿ ಹೊರಬಿತ್ತು. 2018ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳು 4-4ರಂತೆ ಸಮನಾಗಿ ಭಿನ್ನಾಭಿಪ್ರಾಯ ತಳೆದುದರಿಂದ ಕೆಳಗಿನ ತೀರ್ಪೇ ಊರ್ಜಿತವಾಯಿತು. ಕಿರಿದಾದ ಕೊಳವೆಗಳ ಜಾಗದಲ್ಲಿ ಸೇತುವೆಗಳು, ಹಳ್ಳದಷ್ಟೇ ಅಗಲದ ಮೋರಿಗಳು ಬರತೊಡಗಿದವು.

ಒಪ್ಪಂದವಾದಾಗ ಅಲ್ಲಿ ಹೆದ್ದಾರಿಯೇ ಇರಲಿಲ್ಲ. ಆದರೂ ಕೊಟ್ಟ ಮಾತು ಹೆದ್ದಾರಿಯನ್ನೂ ಕಟ್ಟಿಹಾಕಿತು. ವಿದ್ಯಾರ್ಥಿಗಳೇ, ನಿಮ್ಮೂರ ರಸ್ತೆ ಹಳ್ಳ ದಾಟುವಲ್ಲಿ ಮೋರಿಯ ಬಾಯಿಯನ್ನೊಮ್ಮೆ ಗಮನಿಸಿ: ನೀರಿನ ಹೊರತು ಇನ್ನಾವುದಕ್ಕೆ ಅಲ್ಲಿ ದಾರಿಯಿದೆ?